ಮೊಜಾಂಬಿಕ್ ಹೋಳಿಗೆ, ಬಂಗಾಳಕೊಲ್ಲಿ ಸಾರು

ಯುಗಾದಿ ಊಟ ಈ ಸಲ ಪೂರ್ತಿ ‘ಲೋಕಲ್’ ಆಗಿರಬೇಕು ಎಂದು ಚೆನ್ನೈನ ಶೋಳಿಂಗನಲ್ಲೂರಿನ ಅಪಾರ್ಟ್‌ಮೆಂಟ್ ಕನ್ನಡಿಗರು ತೀರ್ಮಾನಿಸಿದರೆ ಏನಾಗುತ್ತದೆ? ಮೊದಲು ವಾಟ್ಸ್‌ಆ್ಯಪ್ ಗುಂಪಾಗುತ್ತದೆ. ಆಮೇಲೆ ನಿಯಮ: 160 ಕಿ.ಮೀ. ಆಚೆ ಬೆಳೆದದ್ದು ಎಲೆಗೆ ಬೀಳಕೂಡದು. ಈ ಲೆಕ್ಕ ನಮ್ಮ ಅಜ್ಜಿಯರದ್ದಲ್ಲ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಲವರು ಹಾಕಿಕೊಂಡ 100 ಮೈಲಿ ವ್ರತದ್ದು. ಅಳತೆಗೋಲೇ ಫಾರಿನ್ನಿನದು ಎಂದಮೇಲೆ ಮಿಕ್ಕದ್ದಕ್ಕೆ ಯಾಕೆ ಸಂಕೋಚ?

ಹೋಳಿಗೆಯಿಂದಲೇ ಶುರು ಮಾಡೋಣ. ಹೂರಣಕ್ಕೆ ತೊಗರಿಬೇಳೆ ಬೇಕು. 2019ರಲ್ಲಿ ಜಿಐ ಮುದ್ರೆ ಪಡೆದ ಕಲಬುರಗಿಯದ್ದೇ ತರಿಸೋಣವೆಂದರೆ ದೂರ 600 ಕಿ.ಮೀ. ದಾಟುತ್ತದೆ. ‘ಯಾವೂರದ್ದೋ’ ಬೇಳೆ ಕೊಂಡರೆ ಅದು ಮೊಜಾಂಬಿಕ್‌ನದ್ದೂ ಇರಬಹುದು. 2016ರಲ್ಲಿ ನಮ್ಮ ಸರ್ಕಾರ ಆ ದೇಶದೊಂದಿಗೆ ತೊಗರಿ ಆಮದಿನ ಒಪ್ಪಂದಕ್ಕೇ ಸಹಿ ಹಾಕಿದೆ. ಕಣಕದ ಗೋಧಿ ಉತ್ತರದ್ದು. ಕರಿದ ಸಂಡಿಗೆಯ ಪಾಮ್ ಎಣ್ಣೆ ಇಂಡೋನೇಷ್ಯಾದ್ದೋ ಮಲೇಷ್ಯಾದ್ದೋ. ಇನ್ನು ಇಂಗು! ಅದನ್ನು ಭಾರತದಲ್ಲಿ ಬೆಳೆಸಲು ಮೊದಲ ಸಸಿ ನೆಟ್ಟದ್ದೇ 2020ರಲ್ಲಿ, ಹಿಮಾಚಲದ ಲಾಹೌಲ್‌ನಲ್ಲಿ. ಅಲ್ಲಿಯತನಕ ನಮ್ಮ ಮಡಿ ಸಾರಿನ ಘಮವೆಲ್ಲ ಅಫ್ಘಾನಿಸ್ತಾನ, ಇರಾನ್‌ಗಳದ್ದು.

ಬೆಲ್ಲಕ್ಕೆ ಪಕ್ಕದ ವೆಲ್ಲೂರಿದೆ, 160ರ ಗೆರೆಯೊಳಗೇ ಬರುತ್ತದೆ. ಆದರೆ ಕಾರ್ಯದರ್ಶಿಗಳದ್ದು ಒಂದೇ ಹಟ: “ಬೆಲ್ಲ ಮಂಡ್ಯದ್ದೇ ಆಗಬೇಕು. ಅಷ್ಟಕ್ಕೂ ನಾವು ಲೋಕಲ್ ಅಲ್ಲವೇ?” ಮಂಡ್ಯದ ಬೆಲ್ಲವೆಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಕಬ್ಬಿನೊಳಗೆ ಹೊಕ್ಕು ಅಚ್ಚಿನಲ್ಲಿ ಗಟ್ಟಿಯಾದ ಕಾವೇರಿ. ಯಾವ ಟ್ರಿಬ್ಯುನಲ್ಲಿನ ಅಪ್ಪಣೆಯೂ ಇಲ್ಲದೆ ಡಬ್ಬದಲ್ಲಿ ಕೂತು ತಮಿಳುನಾಡಿಗೆ ಹರಿಯುತ್ತದೆ. ದ್ರವರೂಪದ ಕಾವೇರಿಯೂ ಈ ನಗರಕ್ಕೆ ಬರುತ್ತಿದೆ, 2004ರಿಂದ, 200 ಕಿ.ಮೀ.ಗೂ ದೂರದ ವೀರಾಣಂ ಕೆರೆಯ ಪೈಪಿನಲ್ಲಿ. ಬೆಂಗಳೂರಿನಲ್ಲಿದ್ದಾಗ ‘ಒಂದು ಹನಿಯೂ ಬಿಡೆವು’ ಎಂದು ಕೂಗಿದವರು ಇಲ್ಲಿ ಅದನ್ನು ಫಿಲ್ಟರ್ ಮಾಡಿ ಕುಡಿದು, ಒತ್ತಡ ಸಾಲದು ಎಂದು ದೂರು ಕೊಡುತ್ತಾರೆ.

ನಿಜವಾದ ಲೋಕಲ್ ನೀರು ಬೇಕಾದವರಿಗೆ ನೆಮ್ಮೇಲಿ ಇದೆ. ಸಮುದ್ರವನ್ನು ಸಿಹಿ ಮಾಡುವ ಅಲ್ಲಿನ ಘಟಕ 2013ರಲ್ಲಿ ದಿನಕ್ಕೆ 10 ಕೋಟಿ ಲೀಟರ್ ಲೆಕ್ಕದಲ್ಲಿ ಶುರುವಾಯಿತು. ಹಾಗೆ ನೋಡಿದರೆ ಬಂಗಾಳಕೊಲ್ಲಿಯಷ್ಟು ತಾಜಾ ಸ್ಥಳೀಯ ಉತ್ಪನ್ನ ಈ ಸೀಮೆಯಲ್ಲಿ ಬೇರೊಂದಿಲ್ಲ. ಅಕ್ಕಿಯ ಕಥೆಯನ್ನಂತೂ ಕೇಳಬೇಡಿ. ಚೆಂಗಲ್‌ಪಟ್ಟು ಎಂದರೆ ಕೆರೆಗಳ ಜಿಲ್ಲೆ, ಕೆರೆಯಿದ್ದಲ್ಲಿ ಗದ್ದೆ. ಈಗ ಗದ್ದೆಯ ಮೇಲೆ ಟವರು, ಟವರಿನ ಹೆಸರು ‘ಲೇಕ್ ವ್ಯೂ’. ಪಕ್ಕದ ಪಳ್ಳಿಕರಣೈ ಜೌಗು ಒಂದು ಕಾಲಕ್ಕೆ 5,000 ಹೆಕ್ಟೇರ್ ದಾಟಿತ್ತೆಂದು ಅಂದಾಜು. 2022ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರುವಾಗ ಸಿಕ್ಕಿದ್ದು 1,247 ಹೆಕ್ಟೇರ್. ಉಳಿದದ್ದರಲ್ಲಿ ನಾವು ಕಾರು ನಿಲ್ಲಿಸುತ್ತೇವೆ. 2015ರ ಡಿಸೆಂಬರಿನಲ್ಲಿ ಕೆರೆಗಳು ತಮ್ಮ ಹಳೇ ವಿಳಾಸ ಹುಡುಕಿಕೊಂಡು ಬೇಸ್‌ಮೆಂಟಿಗೇ ಬಂದಿದ್ದವು. ಅತಿಥಿಗಳನ್ನು ಪಂಪ್ ಹಚ್ಚಿ ಹೊರಹಾಕಲಾಯಿತು.

ಕೊನೆಗೆ ಗೇಟಿನ ಬಳಿಯೇ ನಿಂತ ಒಂದು ಬೇವಿನ ಮರ ಗೆದ್ದಿತು. ಮೈತುಂಬ ಹೂವು. ತಮ್ಮ ಹೊಸವರ್ಷ ಪುತ್ತಾಂಡಿನ ಪಚ್ಚಡಿಗೆಂದು ತಮಿಳರು ಆರಿಸಿ ಒಣಗಿಸಿಡುವುದೂ ಅದನ್ನೇ. ಆದರೆ ಅದರ ಕೆಳಗೆ ಕಾರು ನಿಲ್ಲಿಸುವವರೆಲ್ಲ ಉದುರುವ ಹೂವಿನ ಬಗ್ಗೆ ದೂರು ಕೊಟ್ಟಿದ್ದರಿಂದ ಕೊಂಬೆ ಕಡಿಸುವ ಠರಾವು ಆಗಲೇ ಪಾಸಾಗಿತ್ತು. ಬೇವಿನ ಸೊಪ್ಪು ಆ್ಯಪಿನಿಂದ ಬಂತು, ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಹತ್ತು ನಿಮಿಷಕ್ಕೆ. ಕಡಿದ ಕೊಂಬೆಯ ಮೇಲೆ ಹತ್ತಿಸಿಯೇ ಹುಡುಗ ಬೈಕ್ ಓಡಿಸಿಕೊಂಡು ಬಂದ.

ಯುಗಾದಿಯ ಮರುದಿನ ವರ್ಷತೊಡಕು. ಹಳೇ ಮೈಸೂರಿನವರಿಗೆ ಬಾಡೂಟವಿಲ್ಲದೆ ಅದು ಹಬ್ಬವೇ ಅಲ್ಲ. ಬಕಿಂಗ್‌ಹ್ಯಾಮ್ ಕಾಲುವೆ ದಾಟಿ ಅಕ್ಕರೈ ಕಡೆ ಮೂರು ಕಿ.ಮೀ. ಹೋದರೆ ಕಡಲು, ಅಲ್ಲಿನ ಮೀನುಗಾರರ ಕುಪ್ಪಗಳಲ್ಲಿ ಬೆಳಗಿನ ಜಾವವೇ ಶಂಕರಾ, ನೆತ್ತಿಲಿ, ಮತ್ತಿ ದಡಕ್ಕೆ ಬರುತ್ತವೆ. ಗೊಬ್ಬರವಿಲ್ಲ, ಕೋಲ್ಡ್ ಸ್ಟೋರೇಜಿಲ್ಲ, 160ರ ನಿಯಮದಲ್ಲಿ 157 ಕಿ.ಮೀ. ಇನ್ನೂ ಬಾಕಿ. ಅಂಥ ಮೀನಿನ ಪ್ರಸ್ತಾಪವನ್ನು ಗೌಡರೊಬ್ಬರು ಗುಂಪಿನಲ್ಲಿ ಹಾಕಿದ್ದೇ ತಡ, ಅಡ್ಮಿನ್ ಉತ್ತರ ಬಂತು: “ಪಾರ್ಟಿ ಹಾಲ್‌ನಲ್ಲಿ ವಾಸನೆ ಪದಾರ್ಥ ನಿಷಿದ್ಧ. ದಯವಿಟ್ಟು ಲೋಕಲ್ ಥೀಮ್‌ಗೆ ಬದ್ಧರಾಗಿರಿ.”