ಆಸನತ್ಯಾಗ ಮೀಮಾಂಸೆ

ಕಳೆದ ಮಳೆಗಾಲದಲ್ಲಿ, ವೇದಿಕೆಯ ಮೇಲಿನ ಕುರ್ಚಿಗಳಿಗಿಂತ ಸಭೆಯ ಜನರು ಕಡಮೆಯಿದ್ದ ಒಂದು ವಿಚಾರಸಂಕಿರಣದಲ್ಲಿ, ನಾಗರಿಕ ಸದಾಚಾರದ ಸೈದ್ಧಾಂತಿಕ ನೆಲೆಗಳನ್ನು ಕುರಿತ ಪ್ರಬಂಧವೊಂದನ್ನು ಒಂದೂಮುಕ್ಕಾಲು ಗಂಟೆ ಆಲಿಸುವ ಯೋಗ ನನಗೆ ಒದಗಿತು. ರೈಲಿನಲ್ಲಿ ವೃದ್ಧರಿಗೆ ಜಾಗ ಬಿಟ್ಟುಕೊಡದ ಈ ಕಾಲದವರ ಅಧಃಪತನಕ್ಕಾಗಿ ಕಂಬನಿಗರೆದ ಆ ವಿದ್ವಾಂಸರು ಕಾರಿನಲ್ಲಿ ಬಂದು ಕಾರಿನಲ್ಲೇ ತೆರಳಿದರು. ದಹಿಸರಿನಿಂದ ಚರ್ಚ್‌ಗೇಟಿಗೆ ಇಪ್ಪತ್ತೆಂಟು ವರ್ಷ ನೇತಾಡಿಕೊಂಡು ಹೋದವನಾದ ಕಾರಣ, ಈ ಶಾಸ್ತ್ರದಲ್ಲಿ ನನಗೂ ಕಿಂಚಿತ್ ಅಧಿಕಾರವುಂಟೆಂದು ಭಾವಿಸಿ ಆರಂಭಿಸುತ್ತೇನೆ.

ಆಸನವೆಂಬುದು ‘ಆಸ್’ ಧಾತುವಿನಿಂದ ನಿಷ್ಪನ್ನವಾದುದು. ಕುಳಿತುಕೊಳ್ಳುವುದೆಂದು ಅದರ ಅರ್ಥ. ‘ಆಸೆ’ಯೂ ಅದೇ ಧಾತುವಿನಿಂದ ಹುಟ್ಟಿತೆಂದರೆ ವೈಯಾಕರಣರು ಒಪ್ಪಲಾರರು, ಒಪ್ಪದವರು ಬೆಳಗಿನ ಎಂಟು ಗಂಟೆಗೆ ದಹಿಸರಿನ ಪ್ಲಾಟ್‌ಫಾರ್ಮಿನಲ್ಲಿ ಒಮ್ಮೆ ನಿಂತು ನೋಡಲಿ. ಕವಿರಾಜಮಾರ್ಗಕಾರನು ಉತ್ತರ, ದಕ್ಷಿಣಗಳೆಂಬ ಎರಡು ಮಾರ್ಗಗಳನ್ನು ಹೇಳಿ ತೃಪ್ತನಾದನು. ಮುಂಬಯಿಯ ಲಾಕ್ಷಣಿಕನಿಗಾದರೋ ಪಶ್ಚಿಮ, ಮಧ್ಯ, ಹಾರ್ಬರ್ ಎಂದು ಮಾರ್ಗಗಳು ಮೂರು. 1928ರಲ್ಲಿ ಬೋರಿವಲಿಯವರೆಗೆ ವಿದ್ಯುತ್ ಗಾಡಿ ಓಡಿದಂದಿನಿಂದ ಆಧುನಿಕ ಯುಗವನ್ನು ಎಣಿಸುವ ಪಶ್ಚಿಮಮಾರ್ಗಕ್ಕೆ ಮಾತ್ರ ಪ್ರಸ್ತುತ ಗ್ರಂಥವು ಸೀಮಿತವಾಗಿದೆ.

ಪುರಾಣಗಳನ್ನು ಪರಾಂಬರಿಸಿದರೆ, ತಂದೆಯ ತೊಡೆಯಿಂದ ಎಬ್ಬಿಸಲ್ಪಟ್ಟ ಧ್ರುವನು, ಇನ್ನಾರೂ ‘ಸರ್ಕೋ’ ಎನ್ನಲಾಗದ ಏಕಮಾತ್ರ ಆಸನವನ್ನು ತಪಸ್ಸಿನಿಂದ ಗಳಿಸಿದ್ದು ತಿಳಿದುಬರುತ್ತದೆ. ಅರ್ಧಾಸನಕ್ಕೆ ಪ್ರಮಾಣವು ಕಾಳಿದಾಸನಲ್ಲಿಯೇ ಇದೆ: ಇಂದ್ರನು ದುಷ್ಯಂತನನ್ನು ತನ್ನ ಪೀಠದ ಅರ್ಧದಲ್ಲಿ ಕುಳ್ಳಿರಿಸಿಕೊಂಡನು, ಪಕ್ಕದಲ್ಲಿದ್ದ ಮಗ ಜಯಂತನು ಮನಸ್ಸಿನಲ್ಲೇ ಆಸೆಪಟ್ಟನು. ಇಂದ್ರನ ಔದಾರ್ಯವನ್ನು ಹೊಗಳಿದ ವ್ಯಾಖ್ಯಾನಕಾರರು, ಜಯಂತನು ಎಲ್ಲಿಂದ ಗಾಡಿ ಹತ್ತಿದ್ದನೆಂದು ವಿಚಾರಿಸಲಿಲ್ಲ. ಜಯಂತನು ದಹಿಸರದವನೆಂದು ನನ್ನ ಸಿದ್ಧಾಂತ. ವಿರಾರದಿಂದ ಹೊರಟ ಗಾಡಿಯು ನಾಲಾಸೋಪಾರಾ, ವಸಯಿ, ನಾಯಗಾಂವ್, ಭಾಯಂದರ್, ಮೀರಾ ರೋಡುಗಳನ್ನು ನುಂಗಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಬಾಗಿಲೇ ಕಾಣದಂತಾಗಿರುತ್ತದೆ. ಮುಂದಿನ ನಿಲ್ದಾಣವಾದ ಬೋರಿವಲಿಯಿಂದಾದರೋ ಖಾಲಿ ಗಾಡಿಗಳು ಹೊರಡುತ್ತವೆ!

ಅರ್ಧಾಸನವನ್ನು ನಮ್ಮವರು ‘ಫೋರ್ತ್ ಸೀಟ್’ ಎನ್ನುತ್ತಾರೆ. ಮೂವರಿಗೆಂದು ಮಾಡಿದ ಬೆಂಚಿನ ತುದಿಯಲ್ಲಿ ನಾಲ್ಕನೆಯವನು ಒಂದು ಕುಂಡೆಯನ್ನೂರಿ, ಒಂದು ಕಾಲನ್ನು ನಡುದಾರಿಗೆ ಚಾಚಿ, ಗಾಡಿಯು ಬ್ರೇಕು ಹಾಕಿದಾಗಲೆಲ್ಲ ಆ ಕಾಲಿನಿಂದಲೇ ಸಮಸ್ತ ಬೆಂಚಿನ ಭಾರವನ್ನು ತಡೆಯುತ್ತಾನೆ. ಅದನ್ನು ಬೇಡುವುದಕ್ಕೆ ಮಾತು ಬೇಕಿಲ್ಲ. ಅಂಗೈಯ ಹಿಂಬದಿಯಿಂದ ಗಾಳಿಯನ್ನು ಎರಡು ಸಲ ತಳ್ಳಿದರೆ ಮೂವರೂ, ಮುಖವೆತ್ತದೆ, ನಾಲ್ಕು ಬೆರಳಿನಷ್ಟು ಸರಿಯುತ್ತಾರೆ. ‘ಕಿಧರ್ ಉತರ್ನೇ ಕಾ?’ ಎಂಬ ಪ್ರಶ್ನೆಯಾದರೋ ಉತ್ತರಾಧಿಕಾರದ ಕಾನೂನು: ಕುಳಿತವನು ‘ಅಂಧೇರಿ’ ಎಂದು ಉತ್ತರಿಸಿದ ಕ್ಷಣದಿಂದ ಆ ಜಾಗವು ಕೇಳಿದವನಿಗೆ ಮೀಸಲು. ದಸ್ತಾವೇಜು ಬೇಡ, ಸಾಕ್ಷಿ ಬೇಡ. ಭಂಗವಾದುದನ್ನು ನಾನು ಅಪರೂಪವಾಗಿ ಕಂಡಿದ್ದೇನೆ.

ಇನ್ನು ಆಸನ ಬಿಡದವರ ವರ್ಗೀಕರಣ. ಇವರು ಹದಿನೇಳು ವಿಧ: ಮುದುಕರನ್ನು ಕಂಡೊಡನೆ ಸಮಾಧಿಗೇರುವ ನಿದ್ರಾಯೋಗಿಗಳು, ‘ಕರ್ನಾಟಕ ಮಲ್ಲ’ವನ್ನೋ ಗುಜರಾತಿ ಪತ್ರಿಕೆಯನ್ನೋ ಮುಖಕ್ಕೆ ಹಿಡಿದ ಪತ್ರಾವಗುಂಠಿತರು, ಕಿವಿಗೆ ಯಂತ್ರವನ್ನಿಟ್ಟ ಕರ್ಣಪಿಹಿತರು, ಗೊರೆಗಾಂವದ ಗೋಡೆಗಳಲ್ಲಿ ಪ್ರಕೃತಿಸೌಂದರ್ಯವನ್ನು ಕಾಣುವ ವಾತಾಯನದರ್ಶಿಗಳು, ಐದನೆಯವರು... ಐದನೆಯವರ ಹೆಸರು ಹೊಳೆಯುತ್ತಿಲ್ಲ. ಹೊಳೆದರೂ ಬೇಡ. ಬೆಳಿಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ರಾತ್ರಿ ಹತ್ತಕ್ಕೆ ಮನೆ ಸೇರುವ ಮನುಷ್ಯನಿಗೆ ನಿದ್ದೆ ಬಂದರೆ ಅದಕ್ಕೊಂದು ಸಂಸ್ಕೃತದ ಹೆಸರಿಡುವುದು ಯಾವ ಪಾಂಡಿತ್ಯ?

ಈ ಜನಸಂದಣಿಗೆ ರೈಲ್ವೆಯವರಲ್ಲಿಯೂ ಒಂದು ಶಾಸ್ತ್ರೀಯ ನಾಮವಿದೆ: ‘ಸೂಪರ್ ಡೆನ್ಸ್ ಕ್ರಷ್ ಲೋಡ್’. ಒಂದು ಚದರ ಮೀಟರಿನಲ್ಲಿ 14ರಿಂದ 16 ಮಂದಿ ನಿಂತಿರುವುದೆಂದು ಅದರ ತಾತ್ಪರ್ಯ. ಹೆಸರಿಟ್ಟರು, ಎಣಿಸಿದರು, ಗಾಡಿಯನ್ನು ಹೊರಡಿಸಿದರು. 2025ರ ಜೂನ್ 9ರಂದು ಮಧ್ಯಮಾರ್ಗದ ಮುಂಬ್ರಾ ಬಳಿಯ ತಿರುವಿನಲ್ಲಿ ಬಾಗಿಲುಗಳಿಗೆ ಜೋತುಬಿದ್ದವರು ಹಳಿಯ ಮೇಲೆ ಬಿದ್ದು ಸತ್ತರು. ಅವರು ಯಾರಿಗೆ ಯಾವ ಆಸನವನ್ನು ಬಿಟ್ಟುಕೊಡಬೇಕಾಗಿತ್ತು ಸ್ವಾಮಿ? ಬಾಗಿಲಿನ ಕಂಬಿಯಲ್ಲಿ ಅಂಗೈಯಗಲ ಜಾಗ ಮಾಡಿಕೊಟ್ಟು, ಓಡಿಬರುವ ಅಪರಿಚಿತನ ರಟ್ಟೆಯನ್ನು ಹಿಡಿದು ಒಳಗೆಳೆದುಕೊಳ್ಳುವ ಈ ಊರಿಗೆ ಸದಾಚಾರವನ್ನು ಕಲಿಸಲು ಕಾರಿನಲ್ಲಿ ಬರುತ್ತೀರಲ್ಲ!

ಪ್ರಬಂಧವು ಹಳಿ ತಪ್ಪಿತು, ಕ್ಷಮೆಯಿರಲಿ. ಒಂದು ಉದಾಹರಣೆಯನ್ನು ಕೊಟ್ಟು ನಿಲ್ಲಿಸುತ್ತೇನೆ. ಆಷಾಢದ ಒಂದು ಸಂಜೆ ಚರ್ಚ್‌ಗೇಟಿನಲ್ಲಿಯೇ ನನಗೆ ಜಾಗ ಸಿಕ್ಕಿತ್ತು. ಮಾಟುಂಗಾ ರೋಡಿನಲ್ಲಿ ಹತ್ತಿದ ಮುದುಕರೊಬ್ಬರ ಚೀಲದಿಂದ ಕೆಸುವಿನ ಎಲೆಯ ತೊಟ್ಟುಗಳು ಹೊರಚಾಚಿ ನನ್ನ ಮೊಣಕಾಲನ್ನು ಒದ್ದೆ ಮಾಡುತ್ತಿದ್ದುವು; ಯಾರದೋ ಮನೆಯಲ್ಲಿ ನಾಳೆ ಪತ್ರೊಡೆ. ನನ್ನ ತೊಡೆಯ ಮೇಲಿದ್ದ ಕನ್ನಡ ಪತ್ರಿಕೆಯನ್ನು ಕಂಡು ಅವರು, “ಚೂರು ಆಚೆ ಜರುಗ್ತೀರಾ ಮಾರಾಯ್ರೇ?” ಎಂದರು. ಆ ದಿನ ಹದಿಮೂರು ಗಂಟೆ ದುಡಿದಿದ್ದೆ. ನಾನು ಕಣ್ಣು ಮುಚ್ಚಿಕೊಂಡೆ. ಎರಡನೆಯ ಸಲ ಅವರು ಕೇಳಲಿಲ್ಲ. ತೊಟ್ಟುಗಳು ಬೋರಿವಲಿಯವರೆಗೂ ಮೊಣಕಾಲಿಗೆ ತಾಗುತ್ತಿದ್ದುವು. ಅಲ್ಲಿ ಅವರು ಇಳಿದರು. ದಹಿಸರ್ ಬರುವವರೆಗೆ ನಾನು ಕಣ್ಣು ತೆರೆಯಲಿಲ್ಲ.