ಹಿತ್ತಲ ಈಜುಕೊಳದ ಅಳತೆ

ಹಿತ್ತಲಿನಲ್ಲಿ ತೋಡಿಸುವ ಈಜುಕೊಳ ಎಷ್ಟು ದೊಡ್ಡದಿರಬೇಕೆಂಬುದನ್ನು ಜಮಖಂಡಿ, ಬೀಳಗಿಗಳ ಸೀಮೆಯಲ್ಲಿ ತೀರ್ಮಾನಿಸುವವರು ಎಂಜಿನಿಯರರಲ್ಲ, ಬೇಸಿಗೆಯ ರಜೆಗೆ ಬರುವ ಬೀಗರು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳವು 48 ಘನ ಮೀಟರ್, ಅಂದರೆ 48,000 ಲೀಟರ್ ನೀರನ್ನು ಬೇಡುವುದರಿಂದ, 5,000 ಲೀಟರಿನ ಟ್ಯಾಂಕರ್ ಹತ್ತು ಸಲ ಬಂದುಹೋದುದನ್ನು ಕಂಡ ನೆರೆಯವರು ಆ ಮನೆಯಲ್ಲಿ ಮದುವೆಯಿದೆಯೆಂದು ತರ್ಕಿಸಿದರೆ ತಪ್ಪಲ್ಲ. ಕೃಷಿ ಹೊಂಡ, ಅಂದರೆ ಮಳೆನೀರನ್ನು ಹಿಡಿದಿಡಲು ಹೊಲದಲ್ಲಿ ತೋಡಿ ಹಲವೆಡೆ ಪಾಲಿಥೀನ್ ಹಾಳೆ ಹಾಸಿದ ಗುಂಡಿಯು, ಗಾತ್ರದಲ್ಲಿ ಇಂಥ ಕೊಳವನ್ನು ನಾಚಿಸಬಲ್ಲದಾದರೂ, ಜಾರುವ ಹಾಳೆಯ ಮೇಲೆ ಹತ್ತಿಬರಲು ಹಿಡಿತ ಸಿಗದ ಕಾರಣ ಅಲ್ಲಿ ಈಜುವುದು ಪ್ರಾಣಾಪಾಯ, ಇದಷ್ಟು ಹರಟೆಯಲ್ಲ. ಕೃಷ್ಣೆಯ ಕಡೆಯ ರಬಕವಿ-ಬನಹಟ್ಟಿಯಲ್ಲಾಗಲಿ, ಘಟಪ್ರಭೆಯ ಮುಧೋಳದಲ್ಲಾಗಲಿ, ಕಬ್ಬಿಗೆ ನೀರು ಬಿಡುವ ಪಂಪ್‌ಸೆಟ್ಟಿನ ತೊಟ್ಟಿಯೇ ಹುಡುಗರಿಗೆ ಒಪ್ಪುವ ಅಳತೆ: ಅದರಲ್ಲಿ ಕೈಕಾಲು ಬಡಿಯಲು ಜಾಗವಿಲ್ಲ, ಎದ್ದು ಬರಲು ಮನಸ್ಸೂ ಇಲ್ಲ.