ಭಾವನ ಸಿಂಪಲ್ ರಜೆ

ಡಿಸೆಂಬರ್ 31ರೊಳಗೆ ಹಾಕಿಕೊಳ್ಳದಿದ್ದರೆ ಲ್ಯಾಪ್ಸ್ ಆಗುವ 12 ದಿನದ ರಜೆ ಭಾವನಿಗೆ ಉಳಿದಿತ್ತು. "ಈ ಸಲ ಊಟಿ ಇಲ್ಲ, ರೆಸಾರ್ಟ್ ಇಲ್ಲ. ಮನೆ ಅಡುಗೆ, ಒಂದಿಷ್ಟು ವಾಕಿಂಗು, ಕಿಟಕಿ ಹತ್ರ ಕುಂಡದಲ್ಲಿ ನಾಲ್ಕು ಸೊಪ್ಪು. ಸಿಂಪಲ್ಲಾಗಿರೋಣ" ಎಂದು ಘೋಷಿಸಿದರು. ಅಕ್ಕ ನನಗೆ ಫೋನ್ ಮಾಡಿ, "ಊಟಿಗಾದ್ರೆ ಒಂದು ಸೂಟ್‌ಕೇಸ್ ಕಟ್ಟಿದ್ರೆ ಮುಗೀತಿತ್ತು ಕಣೋ" ಅಂದಳು.

ಇಂಥ ಭಾವಂದಿರು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮಹಡಿಗೊಬ್ಬರಾದರೂ ಸಿಗುತ್ತಾರೆ. ವರ್ಷವೆಲ್ಲ ಲ್ಯಾಪ್‌ಟಾಪಿಗೆ ಅಂಟಿಕೊಂಡಿದ್ದು, ರಜೆ ಬಂದೊಡನೆ ಮೈಮೇಲೆ ಬಂದವರ ಹಾಗೆ ಮಣ್ಣು, ಮರ, ಮಸಾಲೆ ಎನ್ನುತ್ತ ಎದ್ದುಬಿಡುತ್ತಾರೆ. ಹೊಸ ಟೋಪಿ, ಹೊಸ ಶೂ, ಕೈಯಲ್ಲಿ ನೀರು ಚಿಮುಕಿಸುವ ಬಾಟಲಿ.

ಮೊದಲ ದಿನ ಕೊತ್ತಂಬರಿ ಬಿತ್ತನೆ. ಕಾಳನ್ನು ಇಡಿಯಾಗಿ ಹಾಕಬಾರದು, ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಬೇಕೆಂದು ಎಲ್ಲೋ ಓದಿದ್ದರು. ಅದು ನಿಜವೇ. ಆದರೆ ಅಡುಗೆಮನೆಯಿಂದ ಅವರು ಎತ್ತಿಕೊಂಡ ಹಿಡಿ ಧನಿಯ, ಅಕ್ಕ ಹುಳಿಪುಡಿಗೆಂದು ಹುರಿದು ತಟ್ಟೆಯಲ್ಲಿ ಆರಲಿಟ್ಟಿದ್ದದ್ದು. "ಬಿತ್ತೋಕೆ ಮುಂಚೇನೇ ಎಷ್ಟು ಘಮ ನೋಡು!" ಎಂದು ಹಿಗ್ಗಿದರಂತೆ. ಸಂಜೆ ತಟ್ಟೆ ನೋಡಿದ ಅಕ್ಕನಿಗೆ ಎಲ್ಲ ಅರ್ಥವಾಯಿತು. ಬಾಯಿ ಬಿಡಲಿಲ್ಲ. "ಕೊತ್ತಂಬರಿ ಹುಟ್ಟೋಕೆ ಹೇಗೂ ಹತ್ತು ದಿನ. ಅಲ್ಲೀವರೆಗೆ ನೀರು ಹಾಕ್ಕೊಂಡಿರ್ಲಿ ಬಿಡು."

ಮೂರನೇ ದಿನ ನನ್ನನ್ನು ಲಾಲ್‌ಬಾಗಿಗೆ ಎಳೆದೊಯ್ದರು. ಅಲ್ಲಿನ ಬಂಡೆ 300 ಕೋಟಿ ವರ್ಷ ಹಳೆಯದು. ಭಾವ ಅದರ ನೆತ್ತಿಯ ಮೇಲೆ, ಕೆಂಪೇಗೌಡರ ಗೋಪುರದ ಪಕ್ಕ ನಿಂತು, ಕೈಗಡಿಯಾರದಲ್ಲಿ 38 ಹೆಜ್ಜೆ ಯಾಕೆ ಕಡಿಮೆ ತೋರಿಸುತ್ತಿದೆ ಎಂದು ಲೆಕ್ಕ ಹಾಕಿದರು. ಕೆಳಗೆ ಅತ್ತಿಮರದಲ್ಲಿ ಒಂದು ಹಕ್ಕಿ ಕೂಗಿತು. "ಶ್!" ಎಂದು ನನ್ನ ಬಾಯಿ ಮುಚ್ಚಿಸಿ, ಹಕ್ಕಿಯ ಹೆಸರು ಹೇಳುವ ಆಪ್ ತೆರೆದು ಫೋನನ್ನು ಮಂಗಳಾರತಿ ತಟ್ಟೆಯಂತೆ ಎತ್ತಿ ಹಿಡಿದರು. ನೆಟ್‌ವರ್ಕ್ ಇಲ್ಲ. ಹಕ್ಕಿ ಮಾತ್ರ "ಕುಟ್ರು ಕುಟ್ರು" ಎಂದು ತನ್ನ ಹೆಸರನ್ನು ತಾನೇ ಗಂಟಲು ಹರಿಯುವಂತೆ ಹೇಳುತ್ತಲೇ ಇತ್ತು. ವಾಪಸು ಬರುವಾಗ ಒಬ್ಬೊಬ್ಬರಿಗೆ ಎರಡೆರಡು ಮಸಾಲೆ ದೋಸೆ. ಪ್ರಕೃತಿಯಲ್ಲಿ ಓಡಾಡಿದರೆ ಹಸಿವು ಹೆಚ್ಚಂತೆ.

ಏಳನೇ ದಿನ ಅವರೆ. ಇಬ್ಬನಿ ಬಿದ್ದಷ್ಟೂ ಸೊಗಡು ಏರುವ ಕಾಲ. ಭಾವ 5 ಕೆ.ಜಿ. ಮಾಗಡಿ ಅವರೆಕಾಯಿ ಹೊತ್ತು ತಂದು, "ನಾಳೆ ಹಿತಕವರೆ ಸಾರು, ನಂದೇ ಅಡುಗೆ" ಅಂದರು. ಅವರ ಅಡುಗೆ ಎಂದರೆ ಒಗ್ಗರಣೆ. ಕಾಯಿ ಸುಲಿದವರು ಅಕ್ಕ ಮತ್ತು ಅತ್ತೆ, ರಾತ್ರಿ ನೆನೆಸಿದ್ದು ಅಕ್ಕ, ಬೆಳಿಗ್ಗೆ ಹಿತುಕಲು ಕೂತವರು ನಾನೂ ಸೇರಿ ಐವರು. ಭಾವನೂ ಹತ್ತು ನಿಮಿಷ ಕೈ ಹಾಕಿದರು. ಹೆಬ್ಬೆರಳು ತೋರುಬೆರಳ ನಡುವೆ ಹದವಾಗಿ ಒತ್ತಿದರೆ ಬೇಳೆ ಪುಳಕ್ಕನೆ ಪಾತ್ರೆಗೆ ಬೀಳಬೇಕು. ಇವರ ಕೈಯಲ್ಲಿ ಒಂದು ಟಿ.ವಿ.ಗೆ ಬಡಿಯಿತು, ಒಂದು ಅತ್ತೆಯ ಕನ್ನಡಕಕ್ಕೆ. ಇನ್ನೂ ಕೆಲವು ಸಿಪ್ಪೆ ಸಮೇತ ಜಾರಿ ಕಿಟಕಿಯತ್ತ ಹಾರಿದವು. ಆಮೇಲೆ ಒಗ್ಗರಣೆಯ ಪೂರ್ವತಯಾರಿಗೆಂದು ಎದ್ದು ಹೋದರು. ಸಾರು ಮಾತ್ರ, ಸುಳ್ಳು ಹೇಳಬಾರದು, ಅಮೃತ. ನಾನು ಮೂರು ಸಲ ಬಡಿಸಿಕೊಂಡೆ.

ರಜೆಯ ಕೊನೆಯ ದಿನ ಬೆಳಿಗ್ಗೆ ಮನೆಯವರ ಗುಂಪಿಗೆ ಫೋಟೋ ಬಂತು. ಕುಂಡದ ನಡುವೆ ದಪ್ಪನೆಯ ಮೊಳಕೆಯೊಂದು ಕತ್ತು ಬಗ್ಗಿಸಿಕೊಂಡು ಎದ್ದಿತ್ತು. ಕಿಟಕಿಯತ್ತ ಹಾರಿದ್ದ ಅವರೆಕಾಳು ಎಂದು ಹಳ್ಳಿಯ ದೊಡ್ಡಮ್ಮನಿಂದ ಹಿಡಿದು ಎಲ್ಲರಿಗೂ ಗೊತ್ತಾಯಿತು, ಯಾರೂ ತುಟಿ ಬಿಚ್ಚಲಿಲ್ಲ. ಕೆಳಗೆ ಭಾವ ಬರೆದಿದ್ದರು: "ನಮ್ಮ ಕೊತ್ತಂಬರಿ! ಸಂಕ್ರಾಂತಿಗೆ ಎಲ್ಲರೂ ಚಟ್ನಿಗೆ ಬನ್ನಿ."

ಐದೇ ನಿಮಿಷಕ್ಕೆ ಅಕ್ಕನ ಫೋನು, ಪಿಸುದನಿಯಲ್ಲಿ: "ಬರುವಾಗ ಎರಡು ಕಟ್ಟು ಕೊತ್ತಂಬರಿ ತಗೊಂಡು ಬಾ. ಬೇರು ಸಮೇತ ಇರೋದು ನೋಡು."